ಇಳಕಲ್ ಸೀರೆಯ ಕೆಂಪು ಫೋಟೋದಲ್ಲೂ ಅದೇ ಕೆಂಪಾಗಿ ಬರಬೇಕೆಂದರೆ

ಆನ್‌ಲೈನ್‌ನಲ್ಲಿ ಸೀರೆ ಮಾರುವವರು ಪದೇ ಪದೇ ಕೇಳುವ ದೂರು ಒಂದೇ: "ಫೋಟೋದಲ್ಲಿ ಕಂಡ ಬಣ್ಣ ಇದಲ್ಲ." ಇಳಕಲ್ ಸೀರೆಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಸಾಂಪ್ರದಾಯಿಕ ಸೀರೆಯಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಹತ್ತಿ ಬೆಳಕನ್ನು ಎಲ್ಲ ಕಡೆಗೂ ಹರಡಿಬಿಡುತ್ತದೆ, ರೇಷ್ಮೆ ಒಂದೇ ಕಡೆಗೆ ಹೊಳೆಯಿಸುತ್ತದೆ. ಹೀಗಾಗಿ ಒಂದೇ ದೀಪದಡಿ ಒಂದೇ ಸೀರೆಯ ಎರಡು ಭಾಗ ಬೇರೆ ಬೇರೆ ರೀತಿ ವರ್ತಿಸುತ್ತವೆ. ಮೇಲಾಗಿ ತೋಪು ತೆನೆ ಎಂಬ ಸಾಂಪ್ರದಾಯಿಕ ವಿನ್ಯಾಸದ ಸೆರಗಿನ ಗಾಢ ಕೆಂಪು ಇದೆಯಲ್ಲ, ಅಗ್ಗದ ಎಲ್‌ಇಡಿ ದೀಪವೂ ಫೋನ್ ಕ್ಯಾಮೆರಾವೂ ಸುಲಭವಾಗಿ ಎಡವುವುದು ಅದೇ ಬಣ್ಣದಲ್ಲಿ. ಇಳಕಲ್ ಸೀರೆಯನ್ನು ಸರಿಯಾಗಿ ತೆಗೆಯಲು ಬಂದರೆ ಮೊಳಕಾಲ್ಮೂರು, ಖಣ, ಚನ್ನಪಟ್ಟಣದ ಗೊಂಬೆ ಎಲ್ಲವೂ ಅದೇ ಕ್ರಮದಲ್ಲಿ ಬರುತ್ತವೆ.

ಮೊದಲು ಸ್ಥಿರತೆ, ಆಮೇಲೆ ನಿಖರತೆ. ಇಪ್ಪತ್ತು ಸೀರೆಗಳ ಬಣ್ಣವೂ ಒಂದೇ ಥರ ತಪ್ಪಿದ್ದರೆ ಒಂದೇ ತಿದ್ದುಪಡಿಯಲ್ಲಿ ಇಪ್ಪತ್ತೂ ಸರಿಯಾಗುತ್ತವೆ. ಒಂದೊಂದೂ ಒಂದೊಂದು ಥರ ತಪ್ಪಿದ್ದರೆ ಒಂದೊಂದನ್ನೂ ಕೂತು ತಿದ್ದಬೇಕು, ತಿದ್ದಿದ ಮೇಲೂ ಯಾವುದನ್ನು ನಂಬಬೇಕೆಂದು ತಿಳಿಯುವುದಿಲ್ಲ. ಮುಂದೆ ಬರುವ ಹಂತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಏನನ್ನಾದರೂ ಕದಲದಂತೆ ಹಿಡಿದಿಡುವ ಕೆಲಸಗಳೇ.

ಬೆಳಕು: ಪೆಟ್ಟಿಗೆಯ ಮೇಲೆ ಬರೆಯದ ಸಂಖ್ಯೆ

ದೀಪದ ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಅಂಕಿ ಇರುತ್ತದೆ. ಅದು ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ, 100 ಗರಿಷ್ಠ. ಮನೆಗೆ ತರುವ ಸಾಮಾನ್ಯ ಎಲ್‌ಇಡಿ ಬಲ್ಬು 80ರ ಆಸುಪಾಸಿನಲ್ಲಿರುತ್ತದೆ. ಗಮನಿಸಬೇಕಾದ್ದು, ಈ ಅಂಕಿ ಎಂಟು ತಿಳಿ ಬಣ್ಣಗಳ ಸರಾಸರಿ ಮಾತ್ರ. ಗಾಢ ಕೆಂಪಿನ ಪರೀಕ್ಷೆಗೆ ಆರ್9 ಎಂಬ ಬೇರೆ ಅಂಕಿ ಇದೆ, ಅದು ಆ ಸರಾಸರಿಯಲ್ಲಿ ಸೇರುವುದೇ ಇಲ್ಲ. ಸಿಆರ್‌ಐ 80 ಇರುವ ದೀಪದ ಆರ್9 ಸೊನ್ನೆಯ ಹತ್ತಿರ ಇರಬಹುದು, ಸೊನ್ನೆಗಿಂತ ಕೆಳಗೂ ಇಳಿಯಬಹುದು. ಅಂಥ ದೀಪದಡಿ ದಾಳಿಂಬೆ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಗಿರಿ ಕುಂಕುಮವೆಂಬ ಕೆಂಪು ಕಂದಾಗುತ್ತದೆ. ಬೆಳಕಿನಲ್ಲೇ ಇಲ್ಲದ ಕೆಂಪನ್ನು ಕ್ಯಾಮೆರಾ ಎಲ್ಲಿಂದ ತಂದೀತು? ಯಾವ ಆಪ್‌ನಲ್ಲಿ ತಿದ್ದಿದರೂ ಅದು ಮರಳಿ ಬರುವುದಿಲ್ಲ.

ಆದ್ದರಿಂದ ಕೊಳ್ಳುವಾಗ ಸಿಆರ್‌ಐ 95ಕ್ಕಿಂತ ಹೆಚ್ಚು, ಆರ್9 ಕೂಡ 90ರ ಮೇಲೆ ಇರುವುದನ್ನು ಕೇಳಿ ತೆಗೆದುಕೊಳ್ಳಿ. ಫೋಟೋ ಮತ್ತು ವಿಡಿಯೋಗೆಂದೇ ಮಾಡಿದ ದೀಪಗಳ ವಿವರ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. ಅಂಕಿಯನ್ನೇ ಕೊಡದ ದೀಪ ಬೇಡ. ಬಣ್ಣದ ತಾಪ (ಬೆಳಕು ಹಳದಿಯತ್ತ ಇದೆಯೋ ನೀಲಿಯತ್ತ ಇದೆಯೋ ಎಂಬುದರ ಅಳತೆ) 5000ದಿಂದ 5600 ಕೆಲ್ವಿನ್ ನಡುವೆ ಇರಲಿ. ಎರಡು ದೀಪ ಬೇಕು, ಎರಡೂ ಒಂದೇ ಕಂಪನಿಯ ಒಂದೇ ಮಾದರಿ ಆಗಿರಬೇಕು. ಬಜೆಟ್ ಕಮ್ಮಿ ಇದ್ದರೆ ಕ್ಯಾಮೆರಾಕ್ಕೆ ಹಾಕುವ ದುಡ್ಡನ್ನು ದೀಪಕ್ಕೆ ಹಾಕಿ. ಒಳ್ಳೆ ದೀಪದಡಿ ಸಾಧಾರಣ ಫೋನು ಕೊಡುವ ಬಣ್ಣ, ಕೆಟ್ಟ ದೀಪದಡಿ ದುಬಾರಿ ಕ್ಯಾಮೆರಾ ಕೊಡುವ ಬಣ್ಣಕ್ಕಿಂತ ಮೇಲು.

ಸೀರೆಯ ಎಡಬಲಕ್ಕೆ, ಸುಮಾರು 45 ಡಿಗ್ರಿ ಓರೆಯಲ್ಲಿ, ಒಂದೂವರೆ ಮೀಟರ್ ದೂರದಲ್ಲಿ ದೀಪ ನಿಲ್ಲಿಸಿ, ಎರಡರ ಮುಂದೆಯೂ ಒಂದೇ ಥಾನಿನ ತೆಳು ಬಿಳಿ ಬಟ್ಟೆ ಕಟ್ಟಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ದಪ್ಪ ಪರದೆ ಎಳೆಯಿರಿ. ಎಲ್ಲಕ್ಕಿಂತ ಹೆಚ್ಚು ಕಾಡುವ ತಪ್ಪು ಇದೇ: ಒಂದು ಕಡೆಯಿಂದ ಕಿಟಕಿಯ ಬೆಳಕು, ಇನ್ನೊಂದು ಕಡೆಯಿಂದ ದೀಪ. ಆಗ ಸೀರೆಯ ಒಂದು ಅಂಚು ನೀಲಿ ಹೊಡೆಯುತ್ತದೆ, ಇನ್ನೊಂದು ಹಳದಿ ಹೊಡೆಯುತ್ತದೆ. ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ. ದೀಪ ಹಚ್ಚಿದ ಮೇಲೆ ಹತ್ತು ಹದಿನೈದು ನಿಮಿಷ ಬಿಟ್ಟು ಶುರು ಮಾಡಿ, ಬಿಸಿಯೇರುವಾಗ ಎಲ್‌ಇಡಿಯ ಬಣ್ಣವೂ ಪ್ರಖರತೆಯೂ ಸ್ವಲ್ಪ ಜಾರುತ್ತವೆ.

ದೀಪ ಬೇಡ, ಕಿಟಕಿಯ ಬೆಳಕೇ ಸಾಕು ಎನ್ನುವವರಿಗೆ ಒಂದು ಎಚ್ಚರಿಕೆ. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಯುರೋಪಿಗೆ ಬಹುಮಟ್ಟಿಗೆ ಸರಿ. ಇಳಕಲ್ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಬೆಳಿಗ್ಗೆ ಮತ್ತು ಸಂಜೆಯಂತೂ ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಯೊಳಗೇ ಬಿಸಿಲು ನುಗ್ಗುತ್ತದೆ. ಮಳೆಗಾಲದ ಮೋಡ ಬಂದು ಹೋದ ಹಾಗೆಲ್ಲ ಬಣ್ಣದ ತಾಪ ಸಾವಿರ ಕೆಲ್ವಿನ್ನಿಗೂ ಹೆಚ್ಚು ಏರಿಳಿಯಬಹುದು. ಕಿಟಕಿಯ ಬೆಳಕಲ್ಲಿ ತೆಗೆಯುವುದಾದರೆ ಪ್ರತಿ ಸೀರೆಗೂ ಬೇರೆ ಗ್ರೇ ಕಾರ್ಡ್ ಫೋಟೋ (ಆಧಾರಕ್ಕೆ ಬೂದುಬಣ್ಣದ ಕಾರ್ಡ್ ಇಟ್ಟು ತೆಗೆದದ್ದು) ಬೇಕೇ ಬೇಕು.

ನೆಲ, ಗೋಡೆ, ಅಂಗಿ

ನಮ್ಮ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಇರುತ್ತದೆ, ಗೋಡೆಗೆ ತಿಳಿ ಹಸಿರೋ ಗುಲಾಬಿಯೋ ಬಳಿದಿರುತ್ತದೆ. ಬೆಳಕು ಅವಕ್ಕೆ ತಾಗಿ ಚಿಮ್ಮಿ ಸೀರೆಯ ಮೇಲೆ ಬೀಳುತ್ತದೆ. ಬಿಳಿ ಅಥವಾ ಕೆನೆಬಣ್ಣದ ಒಡಲಿನ ಕೆಳಭಾಗ ಕೆಂಪಡರಿದ್ದರೆ ಕಾರಣ ನೆಲವೇ. ಇದು ಚಿತ್ರದ ಒಂದು ಭಾಗದಲ್ಲಿ ಮಾತ್ರ ಇರುವುದರಿಂದ ವೈಟ್ ಬ್ಯಾಲೆನ್ಸ್ (ಇಡೀ ಚಿತ್ರದ ಬಿಳಿಯನ್ನು ಸರಿಪಡಿಸುವ ಸೆಟ್ಟಿಂಗ್) ಬದಲಿಸಿದರೆ ಹೋಗುವುದಿಲ್ಲ. ನೆಲಕ್ಕೆ ಬೂದು ಅಥವಾ ಕಪ್ಪು ಬಟ್ಟೆ ಹಾಸಿ, ಪಕ್ಕದ ಗೋಡೆಗೆ ಬಿಳಿ ಥರ್ಮೊಕೋಲ್ ಹಾಳೆ ಒರಗಿಸಿ. ಫೋಟೋ ತೆಗೆಯುವವರು ಬೂದು ಇಲ್ಲವೇ ಕಪ್ಪು ಬಟ್ಟೆ ತೊಡಲಿ. ಹಳದಿ ಅಂಗಿ ತೊಟ್ಟು ಒಂದು ಮೀಟರ್ ದೂರದಿಂದ ಜರಿಯ ಕ್ಲೋಸಪ್ ತೆಗೆದರೆ ಅಂಗಿಯ ಬಣ್ಣ ಜರಿಯೊಳಗೇ ಕೂರುತ್ತದೆ.

ಬೆಳಕು ಸಮವಾಗಿ ಬೀಳುತ್ತಿದೆಯೇ ಎಂದು ನೋಡಲು ಸೀರೆ ಹಾಕುವ ಜಾಗದಲ್ಲಿ ದೊಡ್ಡ ಬೂದು ರಟ್ಟನ್ನು ಇಟ್ಟು ಒಂದು ಫೋಟೋ ತೆಗೆಯಿರಿ. ನಾಲ್ಕು ಮೂಲೆ ಮತ್ತು ನಡುವಿನ ಆರ್‌ಜಿಬಿ ಅಂಕಿಗಳನ್ನು (ಕೆಂಪು, ಹಸಿರು, ನೀಲಿಯ ಪ್ರಮಾಣ, ಪ್ರತಿಯೊಂದೂ 0ರಿಂದ 255) ಎಡಿಟಿಂಗ್ ಆಪ್‌ನಲ್ಲಿ ಓದಿ. ವ್ಯತ್ಯಾಸ ಐದಾರು ಅಂಕಿಯೊಳಗೆ ಇದ್ದರೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ದೀಪಗಳನ್ನು ಹಿಂದಕ್ಕೆ ಸರಿಸಿ. ಸರಿಯಾದ ಮೇಲೆ ಸ್ಟ್ಯಾಂಡಿನ ಕಾಲಿರುವ ಜಾಗ, ಕ್ಯಾಮೆರಾ ಇರುವ ಜಾಗ ಎರಡಕ್ಕೂ ನೆಲದ ಮೇಲೆ ಟೇಪು ಅಂಟಿಸಿ ಗುರುತು ಮಾಡಿ. ಮುಂದಿನ ತಿಂಗಳು ಬರುವ ಸೀರೆಗೂ ಅದೇ ಗುರುತು.

ಬಿಳಿ ಕಾಗದ ಬಿಳಿಯಲ್ಲ

ಬೂದುಬಣ್ಣದ ಆಧಾರ ಇಲ್ಲದೆ ಬಣ್ಣ ತಿದ್ದುವುದು ಬರೀ ಊಹೆ. ಬಹಳ ಜನ ಇದಕ್ಕೆ ಪ್ರಿಂಟರ್ ಕಾಗದವನ್ನೋ ಬಿಳಿ ಪಂಚೆಯನ್ನೋ ಹಿಡಿಯುತ್ತಾರೆ. ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸಿರುತ್ತಾರೆ. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿಯಾಗಿ ಹೊರಬಿಡುತ್ತದೆ. ಕಿಟಕಿಯ ಬಳಿ ಆ ಕಾಗದ ನೀಲಿ ಹೊಡೆಯುತ್ತದೆ. ನೇರಳಾತೀತ ಕಿರಣವಿಲ್ಲದ ಎಲ್‌ಇಡಿಯಡಿ ಅಷ್ಟಾಗಿ ಹೊಡೆಯುವುದಿಲ್ಲ. ಒಂದೇ ಕಾಗದ ಎರಡು ಕಡೆ ಎರಡು ಉತ್ತರ ಕೊಡುತ್ತದೆ. ಆ ನೀಲಿಯನ್ನು ಬಿಳಿ ಎಂದು ಆಪ್‌ಗೆ ಹೇಳಿದರೆ ಅದು ಇಡೀ ಚಿತ್ರಕ್ಕೆ ಹಳದಿ ಬೆರೆಸುತ್ತದೆ. ನೀಲಿ ಹಾಕಿ ಒಗೆದ ಪಂಚೆಯದೂ ಇದೇ ಕಥೆ.

ಕೆಲವು ನೂರು ರೂಪಾಯಿಗೆ ಸಿಗುವ, 18 ಶೇಕಡಾ ಬೆಳಕನ್ನು ಹಿಂದಿರುಗಿಸುವ ಗ್ರೇ ಕಾರ್ಡ್ ತನ್ನಿ, ವೈಟ್ ಬ್ಯಾಲೆನ್ಸ್‌ಗೆ ಎಂದು ನಮೂದಿಸಿದ್ದೇ ಆಗಲಿ. ಅದು ಬರುವವರೆಗೆ ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಎಲ್ಲ ಬಣ್ಣದ ಬೆಳಕನ್ನೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ತಿರುಗಿಸಿ ಕಳಿಸುವ ವಸ್ತು ಅದು. ತೆಳುವಾಗಿರುವುದರಿಂದ ಎಟಿಎಂ ಕಾರ್ಡಿನಷ್ಟು ದೊಡ್ಡ ರಟ್ಟಿನ ಮೇಲೆ ಹದಿನೈದು ಇಪ್ಪತ್ತು ಸುತ್ತು ಸುತ್ತಿ, ಕೆಳಗಿನ ರಟ್ಟು ಕಾಣಬಾರದು.

ತಿಂಗಳಿಗೆ ನೂರಾರು ಸೀರೆಯ ಫೋಟೋ ಹಾಕುವವರಿಗೆ ಕಲರ್‌ಚೆಕರ್, ಅಂದರೆ ನಿಗದಿತ ಬಣ್ಣದ 24 ಚೌಕಗಳ ಹಲಗೆ, ಕೊಳ್ಳುವುದು ಲಾಭವೇ. ಅದರ ಕೊನೆಯ ಸಾಲಿನ ಬಿಳಿಯಿಂದ ಕಪ್ಪಿನವರೆಗಿನ ಆರು ಚೌಕಗಳು ಎಸ್‌ಆರ್‌ಜಿಬಿ (ಜಾಲತಾಣಗಳೂ ಸಾಮಾನ್ಯ ಪರದೆಗಳೂ ಬಳಸುವ ಬಣ್ಣದ ವ್ಯಾಪ್ತಿ) ಚಿತ್ರದಲ್ಲಿ ಸುಮಾರು 243, 200, 160, 122, 85, 52 ಎಂದು ಓದಬೇಕು. ಅದರ ಜೊತೆಗಿನ ತಂತ್ರಾಂಶ ನಿಮ್ಮ ಕ್ಯಾಮೆರಾ ಮತ್ತು ನಿಮ್ಮ ದೀಪದ ಜೋಡಿಗೆ ಒಂದು ಬಣ್ಣದ ಪ್ರೊಫೈಲ್ ಮಾಡಿಕೊಡುತ್ತದೆ. ಗ್ರೇ ಕಾರ್ಡ್ ಬೂದನ್ನು ಮಾತ್ರ ಸರಿಮಾಡುತ್ತದೆ, ಪ್ರೊಫೈಲ್ ಕೆಂಪು ಹಸಿರುಗಳನ್ನೂ ಅವುಗಳ ಜಾಗಕ್ಕೆ ತರುತ್ತದೆ.

ಕಾರ್ಡು ಕೈಯಲ್ಲಿ ಹಿಡಿಯುವುದಲ್ಲ. ಸೀರೆಯ ಮೇಲೆಯೇ, ಸೀರೆ ಇರುವ ಕೋನದಲ್ಲೇ ಇಡಬೇಕು. ಮೇಲಕ್ಕೆ ಓರೆಯಾದರೆ ಅದು ಚಾವಣಿಯ ಬಣ್ಣ ಓದುತ್ತದೆ. ಪ್ರತಿ ಕಂತಿನ (ಒಟ್ಟಿಗೆ ತೆಗೆಯುವ ಸೀರೆಗಳ ಗುಂಪಿನ) ಮೊದಲು ಒಂದು, ಕೊನೆಗೆ ಒಂದು ಕಾರ್ಡ್ ಫೋಟೋ ತೆಗೆಯಿರಿ. ಎರಡರ ಅಂಕಿ ಹೊಂದದಿದ್ದರೆ ನಡುವೆ ಏನೋ ಬದಲಾಗಿದೆ: ಪರದೆ ಸರಿದಿರಬಹುದು, ಯಾರೋ ಟ್ಯೂಬ್‌ಲೈಟ್ ಹಾಕಿರಬಹುದು.

ಫೋನನ್ನು ಸುಮ್ಮನಾಗಿಸುವುದು

ಫೋನಿನ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೊಸದಾಗಿ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕೆಂಪು ಸೀರೆ ಕಂಡರೆ ಬೆಳಕೇ ಕೆಂಪಿದೆ ಎಂದುಕೊಂಡು ಅದಕ್ಕೆ ನೀಲಿ ಬೆರೆಸುತ್ತದೆ. ಹಸಿರು ಸೀರೆ ಬಂದರೆ ತದ್ವಿರುದ್ಧ ಮಾಡುತ್ತದೆ. ಆಟೋ ಬಿಟ್ಟು ಪ್ರೊ ಮೋಡ್‌ಗೆ ಬನ್ನಿ. ವೈಟ್ ಬ್ಯಾಲೆನ್ಸನ್ನು ದೀಪದ ಕೆಲ್ವಿನ್ನಿಗೆ, ಉದಾಹರಣೆಗೆ 5500ಕ್ಕೆ, ನಿಲ್ಲಿಸಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ) 50 ಅಥವಾ 100 ಇರಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಶಟರ್ (ಬೆಳಕು ಹಿಡಿಯುವ ಅವಧಿ) 1/50 ಅಥವಾ 1/100 ಸೆಕೆಂಡ್ ಇಟ್ಟರೆ ಚಿತ್ರದಲ್ಲಿ ಪಟ್ಟೆ ಬೀಳುವುದಿಲ್ಲ. 1/250, 1/500 ಇಟ್ಟರೆ ಬೀಳಬಹುದು, ಕೆಲವೊಮ್ಮೆ ಆ ಪಟ್ಟೆಗಳಿಗೇ ಬೇರೆ ಬೇರೆ ಬಣ್ಣವೂ ಇರುತ್ತದೆ. ಫೋನನ್ನು ಟ್ರೈಪಾಡಿಗೆ ಸಿಕ್ಕಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ.

ಸೀನ್ ಆಪ್ಟಿಮೈಸರ್, ಎಐ ವರ್ಧನೆ, ಆಟೋ ಎಚ್‌ಡಿಆರ್, ವಿವಿಡ್ ಫಿಲ್ಟರ್ ಎಲ್ಲವನ್ನೂ ಆರಿಸಿ. ಹಲವು ಆಂಡ್ರಾಯ್ಡ್ ಫೋನುಗಳ ಪ್ರೊ ಮೋಡ್‌ನಲ್ಲಿ, ಐಫೋನಿನ ಪ್ರೊ ಮಾದರಿಗಳಲ್ಲಿ ರಾ ಫೈಲ್ (ಬಣ್ಣದ ನಿರ್ಧಾರ ಇನ್ನೂ ಮುಗಿಯದ ಕಚ್ಚಾ ಚಿತ್ರ) ಉಳಿಸುವ ಆಯ್ಕೆ ಇದೆ, ಅದನ್ನು ಬಳಸಿ. ಜೆಪೆಗ್‌ನಲ್ಲಿ ಬಣ್ಣದ ನಿರ್ಧಾರ ಫೋನೇ ಮಾಡಿ ಮುಗಿಸಿರುತ್ತದೆ, ಆಮೇಲೆ ತಿದ್ದಲು ಉಳಿಯುವ ಜಾಗ ಕಡಿಮೆ.

ಬಹಳ ಜನ ಗಮನಿಸದ ಇನ್ನೊಂದು ಸಂಗತಿ: ಫೋನಿನ ಮೂರು ಲೆನ್ಸುಗಳ ಹಿಂದೆ ಸಾಮಾನ್ಯವಾಗಿ ಮೂರು ಬೇರೆ ಸೆನ್ಸರ್‌ಗಳಿರುತ್ತವೆ, ಅವು ಬಣ್ಣವನ್ನು ಬೇರೆ ಬೇರೆಯಾಗಿ ಕಾಣುತ್ತವೆ. ಇಡೀ ಸೀರೆಗೆ ವೈಡ್, ದಡಿಯ ಕ್ಲೋಸಪ್‌ಗೆ ಟೆಲಿ ಎಂದು ಬದಲಿಸಿದರೆ ಒಂದೇ ಸೀರೆ ಎರಡು ಬಣ್ಣದಲ್ಲಿ ಕಾಣುತ್ತದೆ. ಎಲ್ಲವನ್ನೂ 1ಎಕ್ಸ್ ಲೆನ್ಸಿನಲ್ಲೇ ತೆಗೆಯಿರಿ. ಹತ್ತಿರ ಬೇಕಾದರೆ ಫೋನನ್ನೇ ಹತ್ತಿರ ಸರಿಸಿ, ಮ್ಯಾಕ್ರೋ ಮೋಡ್ ತಾನಾಗಿ ಲೆನ್ಸು ಬದಲಿಸದಂತೆ ಆರಿಸಿಡಿ.

ಕೆಂಪು ಎಲ್ಲಿ ಸಾಯುತ್ತದೆ

ಸೆರಗಿನ ಕೆಂಪಿನಲ್ಲಿ ನೇಯ್ಗೆಯ ಗೆರೆಗಳು ಮಾಯವಾಗಿ, ಕೆಂಪು ಪೇಂಟು ಸುರಿದಂತೆ ಒಂದೇ ಚಪ್ಪಟೆ ಹಾಳೆಯಾಗಿ ಕಂಡಿದೆಯೇ? ಆ ಜಾಗದ ಅಂಕಿ ಓದಿ ನೋಡಿ. 255, 14, 32 ಎಂಬಂತೆ ಇರುತ್ತದೆ. ಕೆಂಪಿನ ವಾಹಿನಿ ತುಂಬಿ ತುಳುಕಿದೆ, ಆದರೆ ಒಟ್ಟು ಚಿತ್ರ ಬಿಳುಪೇರಿಲ್ಲವಾದ್ದರಿಂದ ಸಾಧಾರಣ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಮಟ್ಟ ತೋರಿಸುವ ನಕ್ಷೆ) ಏನೂ ಹೇಳುವುದಿಲ್ಲ. ಮೂರೂ ಬಣ್ಣದ ಬೇರೆ ಬೇರೆ ಹಿಸ್ಟೋಗ್ರಾಮ್ ತೋರಿಸುವ ಆಪ್‌ನಲ್ಲೇ ಇದನ್ನು ನೋಡಬೇಕು.

ತೆಗೆಯುವಾಗಲೇ ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಹಿಡಿಯುವ ಬೆಳಕನ್ನು, ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಎಡಿಟ್ ಮಾಡುವಾಗ ಕೆಂಪಿನ ಅಂಕಿ 235ರಿಂದ 245ರೊಳಗೆ ಬರುವವರೆಗೆ ಕೆಂಪಿನ ಪ್ರಕಾಶವನ್ನು ಮಾತ್ರ ತಗ್ಗಿಸಿ. ಗೆರೆಗಳು ಮರಳಿ ಕಾಣುತ್ತವೆ. ಇಲ್ಲಿ ಕಾಂಟ್ರಾಸ್ಟ್ ಹೆಚ್ಚಿಸುವ ಆಸೆ ಬೇಡ. ಸಾಮಾನ್ಯ ಆಪ್‌ಗಳಲ್ಲಿ ಕಾಂಟ್ರಾಸ್ಟ್ ಏರಿಸಿದರೆ ಬಣ್ಣದ ಗಾಢತೆಯೂ ಏರುತ್ತದೆ, ಛಾಯೆಯೂ ಸರಿಯುತ್ತದೆ. ದಾಳಿಂಬೆ ಕೆಂಪು ಕಿತ್ತಳೆಯತ್ತ ಜಾರುವುದು ಹೀಗೆಯೇ.

ರೇಷ್ಮೆಯ ಹೊಳಪು ಬಣ್ಣವನ್ನು ತೊಳೆದು ಬಿಳಿಚಿಸಿದ್ದರೆ ಲೆನ್ಸಿನ ಮುಂದೆ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಇಟ್ಟು ತಿರುಗಿಸುತ್ತ ನೋಡಿ, ಹೊಳಪು ಒಂದಿಷ್ಟು ಇಳಿದಲ್ಲಿ ನಿಲ್ಲಿಸಿ. ಪೂರ್ತಿ ತೆಗೆದರೆ ರೇಷ್ಮೆ ಪಾಲಿಯೆಸ್ಟರ್‌ನಂತೆ ಕಾಣುತ್ತದೆ. ಹೊಳಪೂ ಆ ಬಟ್ಟೆಯ ಬಣ್ಣದ ಒಂದು ಭಾಗವೇ.

ತಿದ್ದುವ ಕ್ರಮ

ಈ ಕೆಲಸಕ್ಕೆ ಕೂರುವ ಮೊದಲು ಫೋನಿನ ಅಥವಾ ಕಂಪ್ಯೂಟರಿನ ಪರದೆಯನ್ನು ಸರಿಮಾಡಿ. ನೈಟ್ ಲೈಟ್, ಟ್ರೂ ಟೋನ್, ಕಣ್ಣಿಗೆ ಹಿತ ಎಂದು ಪರದೆಯನ್ನು ಹಳದಿ ಮಾಡುವ ಆಯ್ಕೆಗಳೆಲ್ಲ ಬಂದ್ ಆಗಿರಲಿ. ಫೋನಿನಲ್ಲೇ ಎಡಿಟ್ ಮಾಡುವವರು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ವಿವಿಡ್ ಬಿಟ್ಟು ನ್ಯಾಚುರಲ್ ಆರಿಸಿ. ಕಂಪ್ಯೂಟರ್ ಆದರೆ ಪರದೆಯ ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ಯಂತ್ರದಿಂದ 6500 ಕೆಲ್ವಿನ್, ಗಾಮಾ 2.2, ಪ್ರಕಾಶ 100ರಿಂದ 120 ನಿಟ್ಸ್‌ಗೆ ಹೊಂದಿಸಿ. ಪರದೆ ತೀರಾ ಪ್ರಖರವಾಗಿದ್ದರೆ ಚಿತ್ರಗಳನ್ನು ಅರಿಯದೆಯೇ ಕಪ್ಪಾಗಿಸಿಬಿಡುತ್ತೀರಿ.

ಕಾರ್ಡ್ ಇರುವ ಚಿತ್ರ ತೆರೆದು ವೈಟ್ ಬ್ಯಾಲೆನ್ಸಿನ ಡ್ರಾಪರ್‌ನಿಂದ ಬೂದಿನ ಮೇಲೆ ಒತ್ತಿ. ಮೊದಲು 131, 122, 108 ಎಂದು ಇದ್ದದ್ದು ಮೂರೂ ಅಂಕಿ ಒಂದೇ ಆಗುವಂತೆ ಬರಬೇಕು, ಎರಡು ಮೂರು ಅಂಕಿಯ ಅಂತರ ನಡೆಯುತ್ತದೆ. ಆಮೇಲೆ ಎಕ್ಸ್‌ಪೋಷರ್ ಸರಿಸಿ 18 ಶೇಕಡಾ ಬೂದನ್ನು 118ರ ಹತ್ತಿರ ತನ್ನಿ. ಕೆಂಪು ಇನ್ನೂ ತುಳುಕುತ್ತಿದ್ದರೆ ಮೇಲೆ ಹೇಳಿದಂತೆ ಕೆಂಪನ್ನು ಮಾತ್ರ ಇಳಿಸಿ. ಈ ಸೆಟ್ಟಿಂಗನ್ನು ಕಾಪಿ ಮಾಡಿ ಆ ಕಂತಿನ ಎಲ್ಲ ಚಿತ್ರಗಳಿಗೂ ಅಂಟಿಸಿ. ಲೈಟ್‌ರೂಮ್‌ನ ಮೊಬೈಲ್ ಆಪ್‌ನಲ್ಲೂ ಇದು ಸಾಧ್ಯ. ಒಂದೊಂದು ಚಿತ್ರಕ್ಕೂ ಆಟೋ ಒತ್ತಬೇಡಿ, ಆವರೆಗೆ ಹಿಡಿದಿಟ್ಟದ್ದೆಲ್ಲ ಒಂದೇ ಒತ್ತಿಗೆ ಕದಲಿಹೋಗುತ್ತದೆ.

ಕಡೆಗೆ ಸೀರೆಯನ್ನು ಅದೇ ದೀಪದಡಿ ಪರದೆಯ ಪಕ್ಕ ಹಿಡಿದು ನೋಡಿ. ಒಂದು ಬಣ್ಣ ಮಾತ್ರ ತಪ್ಪಿದ್ದರೆ ಆ ಬಣ್ಣದ ಛಾಯೆಯನ್ನು ಐದರಿಂದ ಎಂಟು ಅಂಕಿಯಷ್ಟು ಸರಿಸಬಹುದು. ಇಪ್ಪತ್ತು ಮೂವತ್ತು ಬೇಕೆನಿಸಿದರೆ ತೊಂದರೆ ಬೇರೆಲ್ಲೋ ಇದೆ, ದೀಪದ ಕಡೆಗೆ ಹಿಂದಿರುಗಿ. ಕಣ್ಣು ಬಹಳ ಬೇಗ ಒಗ್ಗಿಕೊಳ್ಳುತ್ತದೆ. ಹತ್ತು ಕೆಂಪು ಸೀರೆ ನೋಡಿದ ಮೇಲೆ ಹನ್ನೊಂದನೆಯದು ಹಸಿರಾಗಿದ್ದರೆ ಅದು ಇರುವುದಕ್ಕಿಂತ ಹಸಿರಾಗಿ ಕಾಣುತ್ತದೆ, ನಡುನಡುವೆ ಬೂದು ಗೋಡೆಯ ಕಡೆ ದೃಷ್ಟಿ ತಿರುಗಿಸಿ.

ಎಷ್ಟು ಮಾಡಿದರೂ ಬಗ್ಗದ ಬಣ್ಣಗಳು

ಕೆಲವು ಬಣ್ಣಗಳು ಎಸ್‌ಆರ್‌ಜಿಬಿಯ ಎಲ್ಲೆಯ ಹೊರಗೇ ಇರುತ್ತವೆ. ಗಾಢ ನವಿಲುನೀಲಿ, ರಾಣಿ ಬಣ್ಣ, ಪ್ರತಿದೀಪ್ತ (ಫ್ಲೋರೆಸೆಂಟ್) ಗಿಳಿಹಸಿರು ಇಂಥವು. ಪರದೆ ಅವನ್ನು ತೋರಿಸಲಾರದು, ಹತ್ತಿರದ ಬಣ್ಣವೊಂದಕ್ಕೆ ಇಳಿಸುತ್ತದೆ. ಗಾಢತೆ ಹೆಚ್ಚಿಸಿ ಹಟ ಹಿಡಿದರೆ ನೇಯ್ಗೆ ಅಳಿಸಿಹೋಗುತ್ತದೆಯೇ ಹೊರತು ಬಣ್ಣ ಬರುವುದಿಲ್ಲ. ಛಾಯೆ ಸರಿ ಇರಲಿ, ಗಾಢತೆ ಸ್ವಲ್ಪ ಕಮ್ಮಿ ಇರಲಿ, ವಿವರಣೆಯಲ್ಲಿ "ನಿಜದಲ್ಲಿ ಇದಕ್ಕಿಂತ ಗಾಢ" ಎಂದು ಬರೆಯಿರಿ. ಕಪ್ಪು ಮತ್ತು ಕಡುನೀಲಿಯ ಕೆಲವು ಬಟ್ಟೆಗಳು ಕ್ಯಾಮೆರಾದಲ್ಲಿ ಕಂದು ಹೊಡೆಯುತ್ತವೆ. ಆ ಬಣ್ಣಗಳು ಅತಿಗೆಂಪು ಕಿರಣವನ್ನು ಹೆಚ್ಚಾಗಿ ಹಿಂದಿರುಗಿಸುತ್ತವೆ, ಸೆನ್ಸರ್ ಅದರಲ್ಲಿ ಒಂದಿಷ್ಟನ್ನು ಕೆಂಪೆಂದು ಓದುತ್ತದೆ. ಅಲ್ಲಿ ಆ ಬಟ್ಟೆಯ ಭಾಗವನ್ನಷ್ಟೇ ಆಯ್ದು ಗಾಢತೆ ತಗ್ಗಿಸಿ.

ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡದ ಎಳೆ) ಇನ್ನೊಂದು ಬಣ್ಣ ಇರುವ ಸೀರೆಗೆ ಒಂದೇ ನಿಜವಾದ ಬಣ್ಣ ಎಂಬುದೇ ಇಲ್ಲ. ಅದನ್ನು ಚಪ್ಪಟೆಯಾಗಿ ಹರಡಿ ತೆಗೆದರೆ ಅರ್ಧ ಸತ್ಯ. ಎರಡು ಮೂರು ಮಡಿಕೆ ಬೀಳಿಸಿ, ಒಂದು ಮಗ್ಗುಲು ಬೆಳಕಿಗೆ, ಇನ್ನೊಂದು ನೆರಳಿಗೆ ಇರುವಂತೆ ತೆಗೆಯಿರಿ. ಬೆಳಕಿನಲ್ಲಿ ಮೆಲ್ಲನೆ ತಿರುಗಿಸುವ ಹತ್ತು ಸೆಕೆಂಡಿನ ವಿಡಿಯೋ ಸೇರಿಸಿ. "ಹಾಸು ಕಪ್ಪು, ಹೊಕ್ಕು ಕೆಂಪು" ಎಂದು ಬರೆದರೆ ಸೀರೆ ಬಲ್ಲವರಿಗೆ ಫೋಟೋಗಿಂತ ಹೆಚ್ಚು ಅರ್ಥವಾಗುತ್ತದೆ.

ಇನ್ನು, ಹಗಲಿನಲ್ಲಿ ಒಂದೇ ಬಣ್ಣವೆನಿಸುವ ಸೀರೆ ಮತ್ತು ರವಿಕೆ ಮದುವೆ ಮಂಟಪದ ದೀಪದಡಿ ಬೇರೆಯಾಗಿ ಕಾಣಬಹುದು. ಹತ್ತಿಗೆ ಹಾಕಿದ ಬಣ್ಣವೂ ರೇಷ್ಮೆಗೆ ಹಾಕಿದ ಬಣ್ಣವೂ ಬೇರೆ ಬೇರೆ ರಾಸಾಯನಿಕಗಳಾದ್ದರಿಂದ ಹೀಗಾಗುತ್ತದೆ. ಹೊಂದಿಕೆಯ ರವಿಕೆ ಮಾರುವಾಗ ಹಗಲ ಬೆಳಕಿನದೊಂದು, ಹಳದಿ ದೀಪದಡಿಯದೊಂದು ಫೋಟೋ ಇರಲಿ, ಯಾವುದು ಯಾವುದೆಂದು ಬರೆದಿರಲಿ.

ಹೊರಗೆ ಕಳಿಸುವಾಗ

ಎಸ್‌ಆರ್‌ಜಿಬಿಯಲ್ಲಿ, ಪ್ರೊಫೈಲ್ ಒಳಗೊಂಡಂತೆ, ಜೆಪೆಗ್ ಗುಣಮಟ್ಟ 85ರಿಂದ 90ಕ್ಕೆ ಉಳಿಸಿ. ಐಫೋನ್ ಚಿತ್ರಗಳು ಡಿಸ್‌ಪ್ಲೇ ಪಿ3 ಎಂಬ ದೊಡ್ಡ ವ್ಯಾಪ್ತಿಯಲ್ಲಿರುತ್ತವೆ. ಜಾಲತಾಣ ಪ್ರೊಫೈಲನ್ನು ಕಿತ್ತುಹಾಕಿದರೆ ಅದೇ ಚಿತ್ರ ಮಂಕಾಗುತ್ತದೆ. ಅಮೆಜಾನ್ ಮುಖ್ಯ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆ ಕೇಳುತ್ತದೆ, ಅಂದರೆ 255, 255, 255. ಹಿನ್ನೆಲೆಗೆ ಬೇರೆ ದೀಪ ಕೊಟ್ಟು, ಸೀರೆಯನ್ನು ಅದರಿಂದ ಒಂದೂವರೆ ಮೀಟರ್ ಮುಂದಿಡಿ. ಹಿನ್ನೆಲೆ 255 ಮುಟ್ಟಿದರೆ ಸಾಕು. ಅದಕ್ಕೂ ಮೀರಿ ಬೆಳಕು ಸುರಿದರೆ ಅದು ಲೆನ್ಸಿನೊಳಗೆ ಹರಡಿ ಸೀರೆಯ ಬಣ್ಣವನ್ನೇ ತೆಳುವಾಗಿಸುತ್ತದೆ.

ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಕುಗ್ಗಿಸುವಾಗ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಹೆಚ್ಚು ಕಡಿತ ಮಾಡುವುದರಿಂದ ಚಿಕ್ಕಿ ಪರಾಸ ದಡಿಯಂಥ ಸಣ್ಣ ಎಳೆಗಳ ಕೆಂಪು ಪಕ್ಕದ ಬಣ್ಣಕ್ಕೆ ಕದಡುತ್ತದೆ. ಬಣ್ಣ ಕೇಳಿದ ಗಿರಾಕಿಗೆ ಡಾಕ್ಯುಮೆಂಟ್ ಆಗಿ ಕಳಿಸಿ.

ಪ್ರತಿ ಸೀರೆಯ ಕುಚ್ಚಿನ ಕಡೆಯಿಂದ ಒಂದೆರಡು ಎಳೆ ತೆಗೆದು ರಟ್ಟಿಗೆ ಅಂಟಿಸಿ, ಫೋಟೋದ ಫೈಲಿನ ಹೆಸರು ಮತ್ತು ತಾರೀಖು ಬರೆದು ಬಿಸಿಲು ತಾಗದ ಪೆಟ್ಟಿಗೆಯಲ್ಲಿಡಿ. ನೂಲಿಗೆ ಬಣ್ಣ ಹಾಕುವುದು ಕಂತು ಕಂತಾಗಿ. ಅದೇ ಹೆಸರಿನ ಬಣ್ಣ ಮುಂದಿನ ಕಂತಿನಲ್ಲಿ ತುಸು ಗಾಢವಾಗಿಯೋ ತಿಳಿಯಾಗಿಯೋ ಬರುತ್ತದೆ. ಹೊಸ ಸ್ಟಾಕ್ ಬಂದ ದಿನ ಹಳೆಯ ಎಳೆಯನ್ನು ಹೊಸ ಸೀರೆಯ ಮೇಲಿಟ್ಟು ಅದೇ ದೀಪದಡಿ ನೋಡಿ. ಎಳೆ ಬಟ್ಟೆಯಲ್ಲಿ ಕರಗಿಹೋದರೆ ಹಳೆಯ ಫೋಟೋ ನಡೆಯುತ್ತದೆ, ಎದ್ದು ಕಂಡರೆ ಹೊಸದಾಗಿ ತೆಗೆಯಿರಿ.